ರಜೆ ಶುರುವಾದರೆ ಸಾಕು, ತೂಕ ಏರುತ್ತದೆ. ನೀವೆಲ್ಲ ಏನು ಮಾಡ್ತೀರಾ?

ಮೂರನೇ ಮಹಡಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೈಬೇಡಿ.

ವರ್ಷದ ಉಳಿದ ದಿನಗಳಲ್ಲಿ ನನ್ನದು ಹದ್ದುಬಸ್ತಿನ ಜೀವನ. ವಾರಕ್ಕೆ ನಾಲ್ಕು ದಿನ ವಾಕಿಂಗ್, ಎರಡು ದಿನ ಮನೆಯಲ್ಲೇ ಕಸರತ್ತು, ರಾತ್ರಿ ಊಟ ಎಂಟಕ್ಕೆಲ್ಲ ಮುಗಿದಿರುತ್ತದೆ. ಹಬ್ಬ, ರಜೆ, ನೆಂಟರು ಎಲ್ಲ ಸಾಲಾಗಿ ಬರುವ ಆ ಮೂರು ವಾರ ಮಾತ್ರ ಎಲ್ಲ ಎಕ್ಕುಟ್ಟಿ ಹೋಗುತ್ತದೆ. ಕಳೆದ ವರ್ಷ ಎರಡೂವರೆ ಕೆಜಿ ಏರಿದ್ದೆ. ಅದರಲ್ಲಿ ಒಂದೂವರೆ ಬೇಗನೆ ಇಳಿಯಿತು, ಉಳಿದ ಒಂದು ಕೆಜಿ ತಿಂಗಳುಗಟ್ಟಲೆ ಹಟ ಹಿಡಿದು ಕೂತಿತ್ತು. ಈ ಸಲದ ಸಾಲು ಶುರುವಾಗಲು ಇನ್ನು ಹತ್ತು ದಿನ ಇದೆ.

ಸಿಹಿ ಮುಟ್ಟುವುದೇ ಇಲ್ಲ ಎಂದು ಶಪಥ ಮಾಡುವ ಗಿರಾಕಿ ನಾನಲ್ಲ. ನಾನು ಮಾಡುವುದು ಇನ್ನೊಂದು ಕೆಲಸ. ಹಬ್ಬದ ಊಟಕ್ಕೆ ಹೊಟ್ಟೆಯಲ್ಲಿ ಜಾಗ ಇರಲಿ ಅಂತ ಬೆಳಗಿನ ತಿಂಡಿ ಬಿಡುತ್ತೇನೆ. ಅಡುಗೆ ಮುಗಿದು ಎಲ್ಲರೂ ಕೂರುವಷ್ಟರಲ್ಲಿ ಎರಡೂವರೆ ಗಂಟೆ. ಅಷ್ಟು ಹೊತ್ತಿಗೆ ಕಣ್ಣು ಕತ್ತಲೆ ಬಂದಿರುತ್ತದೆ, ಏನು ಬಡಿಸಿದರು, ಎಷ್ಟು ತಿಂದೆ ಒಂದೂ ಗೊತ್ತಾಗುವುದಿಲ್ಲ. ಆಮೇಲೆ ಎರಡು ಗಂಟೆ ನಿದ್ದೆ. ರಾತ್ರಿ ಊಟ ಬೇಡ ಅಂತೀನಿ. ಹನ್ನೊಂದು ಗಂಟೆಗೆ ಫ್ರಿಡ್ಜ್ ಬಾಗಿಲು ತೆಗೆದು, ದೀಪ ಹಾಕದೆ, ಸಿಹಿ ಡಬ್ಬಿಯ ಮುಚ್ಚಳ ಸದ್ದಾಗದ ಹಾಗೆ ಎತ್ತಿ, ಒಂದು ತುಂಡು, ಮತ್ತೆ ಅದರ ಪಕ್ಕದ ಪುಡಿ, ಮತ್ತೆ ಅಂಚು ಸರಿ ಮಾಡಲು ಇನ್ನೊಂದು ಚೂರು. ನಿಂತುಕೊಂಡೇ.

ಕಸರತ್ತಿನ ಕಥೆ ಇನ್ನೂ ಚೆಂದ. ನನ್ನ ಚಾಪೆ ಇರುವುದು ಹಾಲ್‌ನಲ್ಲಿ, ಸೋಫಾ ಹಿಂದೆ. ಆ ಸೋಫಾ ಮೇಲೆ ಭಾವ ಮಲಗಿರುತ್ತಾರೆ. ಅವರು ಏಳುವುದು ಒಂಬತ್ತಕ್ಕೆ.

ಕೇಳಬೇಕಾದ್ದು ಇಷ್ಟು. ಒಂದು, ಈ ಏರುವ ತೂಕ ಎಲ್ಲ ಕೊಬ್ಬೇನಾ? ಎರಡು, ಚಿಕ್ಕಮ್ಮ ಸೌಟು ಹಿಡಿದು ಮುಂದೆ ನಿಂತಾಗ ಬೇಡ ಅನ್ನುವುದು ಹೇಗೆ? ಮೂರು, ಜಾಗ ಇಲ್ಲ, ಹೊತ್ತಿಲ್ಲ, ಮೈ ಅಲುಗಿಸುವುದು ಯಾವಾಗ? ಇನ್ನೊಂದು, ನಮ್ಮ ಅಪ್ಪನಿಗೆ ಶುಗರ್ ಇದೆ. ಅವರೂ ನನ್ನ ಹಾಗೇ ಬೆಳಗ್ಗೆ ತಿಂಡಿ ಬಿಡುತ್ತಾರೆ. ಅದು ಸರಿಯಾ?

---

ತಕ್ಕಡಿ

ನಿಮ್ಮ ಮೊದಲ ಪ್ರಶ್ನೆಗೆ ನಿಮ್ಮ ಹತ್ತಿರವೇ ಉತ್ತರ ಇದೆಯಲ್ಲ ಸಾರ್. ಬೇಗನೆ ಇಳಿಯಿತು ಅಂದಿರಲ್ಲ ಒಂದೂವರೆ ಕೆಜಿ, ಅದು ಬಹುಪಾಲು ನೀರು.

ಲೆಕ್ಕ ಹೀಗಿದೆ. ಒಂದು ಕೆಜಿ ಕೊಬ್ಬು ಮೈಗೆ ಹತ್ತಬೇಕಾದರೆ ಖರ್ಚಾಗುವುದಕ್ಕಿಂತ ಸುಮಾರು 7,700 ಕ್ಯಾಲೊರಿ ಜಾಸ್ತಿ ತಿನ್ನಬೇಕು. ಒಂದೇ ದಿನದ ಊಟದಲ್ಲಿ ಅಷ್ಟು ಯಾರೂ ತಿನ್ನುವುದಿಲ್ಲ, ಎಷ್ಟೇ ಹೊಟ್ಟೆಬಾಕರಾದರೂ. ಆದರೂ ಹಬ್ಬದ ಮಾರನೇ ದಿನ ಮಷಿನ್ ಒಂದು ಕೆಜಿ ಜಾಸ್ತಿ ತೋರಿಸುತ್ತದೆ ಅಲ್ವಾ? ಪಿಷ್ಟ, ಸಕ್ಕರೆ ಜಾಸ್ತಿ ತಿಂದಾಗ ಮೈ ಅದನ್ನು ಗ್ಲೈಕೊಜೆನ್ ಎಂಬ ರೂಪದಲ್ಲಿ ಸ್ನಾಯುಗಳಲ್ಲಿ, ಪಿತ್ತಜನಕಾಂಗದಲ್ಲಿ ಕೂಡಿಡುತ್ತದೆ. ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರೂ ಕೂರುತ್ತದೆ. ಕರಿದ ತಿಂಡಿ, ಉಪ್ಪಿನಕಾಯಿಯ ಉಪ್ಪು ಇನ್ನಷ್ಟು ನೀರು ಹಿಡಿದಿಡುತ್ತದೆ. ಹೊಟ್ಟೆಯಲ್ಲಿ ಇನ್ನೂ ಅರಗದೆ ಇರುವ ಊಟದ ತೂಕ ಬೇರೆ. ಹಾಗಾಗಿ ಮಾರನೇ ದಿನದ ಅಂಕಿ ನೋಡಿ ಗಾಬರಿಯಾಗಿ ಉಪವಾಸ ಕೂರಬೇಡಿ. ನಾಲ್ಕೈದು ದಿನ ಮಾಮೂಲಿ ಊಟ ಮಾಡಿ, ಆಮೇಲೆ ನೋಡಿ.

ಉಳಿದ ಒಂದು ಕೆಜಿ ಇದೆಯಲ್ಲ, ತಕರಾರು ಇರುವುದು ಅದರದ್ದೇ. 2000ನೇ ಇಸವಿಯಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂದಿತ್ತು. ಅಮೆರಿಕದ 195 ಜನರನ್ನು ರಜೆಯ ಮೊದಲು, ರಜೆಯಲ್ಲಿ, ಆಮೇಲೆ ತೂಗಿ ನೋಡಿದ್ದರು. ರಜೆಯ ದಿನಗಳಲ್ಲಿ ಸರಾಸರಿ ಏರಿದ್ದು ಬರೀ 0.37 ಕೆಜಿ. ಜನರು ತಾವು ಏರಿದ್ದೇವೆ ಅಂದುಕೊಂಡದ್ದು ಅದಕ್ಕಿಂತ ತುಂಬಾ ಜಾಸ್ತಿ. ಇಷ್ಟೇನಾ ಅನ್ನಿಸುತ್ತದೆ. ಆದರೆ ಆ ಚೂರು ತೂಕ ಮುಂದಿನ ತಿಂಗಳುಗಳಲ್ಲೂ ಇಳಿಯಲಿಲ್ಲ. ವರ್ಷಕ್ಕೊಂದು ಚೂರು ಹಾಗೇ ಕೂತರೆ ಹತ್ತು ವರ್ಷದಲ್ಲಿ ಎಷ್ಟಾಯಿತು ನೀವೇ ನೋಡಿ.

ನಾನು ಮಾಡುವುದು ಒಂದೇ. ರಜೆಯಲ್ಲೂ ವಾರಕ್ಕೆ ಎರಡು ಸಲ, ಬೆಳಗ್ಗೆ ಎದ್ದು ಶೌಚ ಮುಗಿಸಿ, ಏನೂ ತಿನ್ನುವ ಮೊದಲು ಮಷಿನ್ ಹತ್ತುತ್ತೇನೆ. ಬರೆದಿಡುತ್ತೇನೆ. ಮಷಿನ್ ಮಂಚದ ಕೆಳಗೆ ತಳ್ಳಿ ಮೂರು ವಾರ ಆದ ಮೇಲೆ ನೋಡೋಣ ಅನ್ನುವುದು ಕೆಟ್ಟ ಉಪಾಯ. 2018ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ 272 ಜನರ ಪ್ರಯೋಗದಲ್ಲಿ ಒಂದು ಗುಂಪಿಗೆ ಹೀಗೆ ತೂಕ ನೋಡಿಕೊಳ್ಳಲು ಹೇಳಿ, ಕೆಲವು ಸಲಹೆಗಳನ್ನೂ ಕೊಟ್ಟಿದ್ದರು. ಇನ್ನೊಂದು ಗುಂಪಿಗಿಂತ ಅವರ ತೂಕ ಸರಾಸರಿ ಅರ್ಧ ಕೆಜಿಯಷ್ಟು ಕಡಿಮೆ ಇತ್ತು. ಆದರೆ ಅಂಕಿ ನೋಡಿದರೆ ದಿನವೆಲ್ಲ ಮನಸ್ಸು ಕೆಡುತ್ತದೆ ಅನ್ನುವವರು ಇದನ್ನು ಮಾಡಬೇಡಿ, ಪ್ಯಾಂಟಿನ ಸೊಂಟ ನೋಡಿಕೊಂಡರೂ ಸಾಕು.

---

ಬಿಡ್ರಿ ಮಾರಾಯ್ರೇ

ವರ್ಷಕ್ಕೊಂದು ಸಲ ಬರುವ ಹಬ್ಬ. ತಿನ್ನಲಿ ಬಿಡ್ರಿ. ಇಲ್ಲೂ ಗ್ರಾಂ ಲೆಕ್ಕ ಶುರುವಾಯ್ತಾ?

---

ಸೌಟು ನನ್ನ ಕೈಯಲ್ಲಿ

ಬಿಡ್ರಿ ಅವರೇ, ತಿನ್ನುವವರಿಗೆ ಹಬ್ಬ ಒಂದು ದಿನ ಇರಬಹುದು. ಅಡುಗೆಮನೆಯಲ್ಲಿ ಇರುವವರಿಗೆ ಅದು ಮೂರು ದಿನ ಮೊದಲೇ ಶುರುವಾಗಿ ನಾಲ್ಕು ದಿನ ಆದರೂ ಮುಗಿಯುವುದಿಲ್ಲ.

ನನ್ನದನ್ನೇ ಹೇಳುತ್ತೇನೆ. ಉಪ್ಪು ಸರಿ ಇದೆಯಾ ಎಂದು ಒಂದು ಚಮಚ. ಸಿಹಿ ಹದ ಬಂತಾ ಎಂದು ಒಂದು ಬೆರಳು, ಮೊದಲ ಸಲ ಕರಿದದ್ದು ಮುರಿದು ಹೋಯಿತು, ಅದನ್ನು ಯಾರಿಗೆ ಕೊಡುವುದು ಎಂದು ಬಾಯಿಗೆ, ಮಗು ಅರ್ಧ ಕಚ್ಚಿ ಬಿಟ್ಟಿದ್ದು ದಂಡ ಆಗುತ್ತಲ್ಲ ಎಂದು ಅದೂ ಬಾಯಿಗೆ. ಎಲ್ಲರಿಗೂ ಬಡಿಸಿ ಕೂರುವಷ್ಟರಲ್ಲಿ ಹಸಿವೇ ಇರುವುದಿಲ್ಲ. ಏನೂ ತಿಂದೇ ಇಲ್ಲ ಅಂತ ಮನಸ್ಸಿಗೆ ಮಾತ್ರ ಅನ್ನಿಸುತ್ತಿರುತ್ತದೆ. ಒಂದು ವರ್ಷ ಸುಮ್ನೆ ತಮಾಷೆಗೆ, ಹೀಗೆ ನಿಂತು ತಿಂದದ್ದಕ್ಕೆಲ್ಲ ಸಮನಾದಷ್ಟನ್ನು ಒಂದು ಬಟ್ಟಲಿಗೆ ಹಾಕುತ್ತಾ ಹೋದೆ. ಮಧ್ಯಾಹ್ನದ ಹೊತ್ತಿಗೆ ಬಟ್ಟಲು ತುಂಬಿ ಇನ್ನೊಂದು ಬೇಕಾಯಿತು. ಅವತ್ತಿನಿಂದ ಒಂದು ನಿಯಮ: ಕೂತು, ತಟ್ಟೆಗೆ ಹಾಕಿಕೊಂಡು ತಿನ್ನುವುದು ಮಾತ್ರ ತಿನ್ನುವುದು. ರುಚಿ ನೋಡುವ ಕೆಲಸ ಮಗಳಿಗೂ ಅವರಪ್ಪನಿಗೂ ಹಂಚಿದ್ದೇನೆ. ಇಬ್ಬರೂ ಖುಷಿಯಾಗಿದ್ದಾರೆ!

ಇನ್ನು ಪ್ರಮಾಣ. ನಾವು ಹತ್ತು ಜನಕ್ಕೆ ಇಪ್ಪತ್ತು ಜನಕ್ಕಾಗುವಷ್ಟು ಮಾಡುತ್ತೇವೆ, ಕಡಿಮೆ ಬಿದ್ದರೆ ಮಾನ ಹೋಗುತ್ತದಲ್ಲ. ಉಳಿದದ್ದು ಡಬ್ಬಿಗೆ ಹೋಗುತ್ತದೆ. ಮೂರನೇ ಮಹಡಿಯವರು ರಾತ್ರಿ ಹನ್ನೊಂದಕ್ಕೆ ತೆಗೆಯುವ ಡಬ್ಬಿ ಅದೇ. ಈಗ ನಾನು ಸಿಹಿ ಒಂದೇ ಬಗೆ ಮಾಡುತ್ತೇನೆ, ತುಂಡು ಅರ್ಧ ಗಾತ್ರಕ್ಕೆ ಕತ್ತರಿಸುತ್ತೇನೆ, ಉಳಿಯುವ ಲಕ್ಷಣ ಕಂಡರೆ ನೆಂಟರು ಹೊರಡುವಾಗಲೇ ಕಟ್ಟಿ ಕೊಡುತ್ತೇನೆ. ಇದು ತೂಕದ ಮಾತು ಮಾತ್ರ ಅಲ್ಲ. ಮಾಡಿದ ಅಡುಗೆ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬಾರದು. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಬಿಸಿಯಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ. ಮಧ್ಯಾಹ್ನದ್ದು ಸಂಜೆವರೆಗೂ ಮೇಜಿನ ಮೇಲೆ ಮುಚ್ಚಿಟ್ಟು, ಆಮೇಲೆ ಫ್ರಿಡ್ಜಿಗೆ ತಳ್ಳಿ, ಮಾರನೇ ದಿನ ಉಗುರುಬೆಚ್ಚಗೆ ಮಾಡಿ ಬಡಿಸುವುದು ನಮ್ಮ ಮನೆಯಲ್ಲೂ ಇತ್ತು. ಒಂದು ಸಲ ಎಲ್ಲರಿಗೂ ಒಟ್ಟಿಗೆ ಹೊಟ್ಟೆ ಕೆಟ್ಟ ಮೇಲೆ ನಿಂತಿತು. ಮನೆಯಲ್ಲಿ ಇದ್ದದ್ದು ಒಂದೇ ಬಚ್ಚಲು, ಹದಿಮೂರು ಜನ. ಹೆಚ್ಚಿಗೆ ಹೇಳುವುದಿಲ್ಲ.

ಬೇಡ ಅನ್ನುವುದು ಹೇಗೆ ಅಂದಿರಿ. ಊಟ ಬಲ್ಲವನಿಗೆ ರೋಗವಿಲ್ಲ ಅನ್ನುವುದನ್ನು ಎಲ್ಲರೂ ಹೇಳುತ್ತಾರೆ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುವ ಇನ್ನರ್ಧ ನಿಮಗೆ ಬೇಕಾಗಿರುವುದು. ಬಡಿಸುವವಳಾಗಿ ಒಳಗುಟ್ಟು ಹೇಳುತ್ತೇನೆ ಕೇಳಿ. ನಮಗೆ ಕಾಣುವುದು ಖಾಲಿ ತಟ್ಟೆ. ಖಾಲಿ ಕಂಡರೆ ಕೈ ತಾನಾಗಿಯೇ ಹೋಗುತ್ತದೆ. ಒಂದು ತುತ್ತು ತಟ್ಟೆಯಲ್ಲಿ ಉಳಿಸಿಕೊಂಡು ನಿಧಾನಕ್ಕೆ ತಿನ್ನುತ್ತಾ ಇರಿ. ಡಯಟ್ ಅಂತ ಮಾತ್ರ ಬಾಯಿಬಿಡಬೇಡಿ, ಆ ಪದ ಕೇಳಿದರೆ ಚಿಕ್ಕಮ್ಮನಿಗೆ ಇನ್ನೆರಡು ಸೌಟು ಹಾಕುವ ಹುರುಪು ಬರುತ್ತದೆ. "ತುಂಬಾ ಚೆನ್ನಾಗಿದೆ ಚಿಕ್ಕಮ್ಮ, ಸಂಜೆ ಇನ್ನೊಂದು ಸಲ ಹಾಕಿಸಿಕೊಳ್ಳುತ್ತೇನೆ" ಅಂದು ನೋಡಿ. ಸಂಜೆ ಯಾರಿಗೂ ನೆನಪಿರುವುದಿಲ್ಲ. ಅದಕ್ಕಿಂತ ಮುಖ್ಯ, ಮೊದಲು ತರಕಾರಿ, ಬೇಳೆಕಾಳು ಹಾಕಿಸಿಕೊಳ್ಳಿ. ಹೊಟ್ಟೆ ತುಂಬಿದ್ದು ಮಿದುಳಿಗೆ ಗೊತ್ತಾಗಲು ಸುಮಾರು ಇಪ್ಪತ್ತು ನಿಮಿಷ ಬೇಕು. ಆ ಇಪ್ಪತ್ತು ನಿಮಿಷ ತರಕಾರಿ ತಿನ್ನುತ್ತಾ ಕಳೆದರೆ ಆಮೇಲೆ ಬೇಡ ಅನ್ನಲು ನಾಟಕ ಮಾಡಬೇಕಾಗಿಲ್ಲ.

---

ಹದಿನಾಲ್ಕು ವರ್ಷದ ಶುಗರ್

ಅಪ್ಪನ ವಿಷಯಕ್ಕೆ ಮಾತ್ರ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಹದಿನಾಲ್ಕು ವರ್ಷದಿಂದ ಮಾತ್ರೆ ನುಂಗುತ್ತಿರುವವನು.

ತಿಂಡಿ ಬಿಡುವುದು ಅವರಿಗೆ ನಿಮಗಿಂತ ಅಪಾಯ. ಅವರು ತೆಗೆದುಕೊಳ್ಳುವುದು ಯಾವ ಮಾತ್ರೆ ಎಂದು ಮೊದಲು ನೋಡಿ. ಗ್ಲಿಮೆಪಿರೈಡ್ ಥರದ್ದು ಅಥವಾ ಇನ್ಸುಲಿನ್ ಇದ್ದರೆ, ಔಷಧ ತೆಗೆದುಕೊಂಡು ಊಟ ಬಿಟ್ಟಾಗ ಸಕ್ಕರೆ ತೀರಾ ಕೆಳಗೆ ಬೀಳುತ್ತದೆ. ಕೈ ನಡುಕ, ತಣ್ಣನೆ ಬೆವರು, ಎದೆ ಡವಡವ, ಏನೋ ತಬ್ಬಿಬ್ಬು. ಮೀಟರ್‌ನಲ್ಲಿ 70ಕ್ಕಿಂತ ಕಡಿಮೆ ಇದ್ದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, ಅಂದರೆ ಸುಮಾರು 15 ಗ್ರಾಂ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಂದು ಸಲ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಓಡಿ.

ನನಗೆ ಆಗಿದ್ದು ಹಾಗೇ. ನೆಂಟರ ಮನೆ, ಊಟ ಲೇಟು, ನಾನು ಮಾತ್ರೆ ನುಂಗಿಬಿಟ್ಟಿದ್ದೆ. ಎಲ್ಲರೂ ಫೋಟೋಗೆ ನಿಂತಿದ್ದಾರೆ, ನಾನೂ ನಿಂತಿದ್ದೇನೆ, ಫೋಟೋ ತೆಗೆಯುವವನ ಮುಖ ಎರಡೆರಡು ಕಾಣಿಸುತ್ತಿದೆ. ಆ ಫೋಟೋ ಈಗಲೂ ಮನೆಯಲ್ಲಿದೆ. ಅದರಲ್ಲಿ ನಾನೊಬ್ಬನೇ ಒದ್ದೆ ಅಂಗಿಯಲ್ಲಿ ಇದ್ದೇನೆ.

ಇದರ ಉಲ್ಟಾ ತಪ್ಪನ್ನೂ ಮಾಡಿದ್ದೇನೆ. ಇವತ್ತು ಸಿಹಿ ಜಾಸ್ತಿ ತಿನ್ನುತ್ತೇನೆ, ಇನ್ನರ್ಧ ಮಾತ್ರೆ ಸೇರಿಸಿಬಿಡೋಣ ಎಂದು. ಡಾಕ್ಟರ್ ಹತ್ತಿರ ಸರಿಯಾಗಿ ಬೈಸಿಕೊಂಡೆ. ರಜೆ ಶುರುವಾಗುವ ಮೊದಲೇ ಹೋಗಿ, ಊಟ ಹೊತ್ತು ತಪ್ಪಿದರೆ ಔಷಧ ಏನು ಮಾಡಬೇಕು ಎಂದು ಕೇಳಿ ಬರೆಸಿಕೊಳ್ಳಿ. ಹತ್ತು ದಿನ ಇದೆಯಲ್ಲ.

ಇನ್ನೊಂದು, ಶುಗರ್ ಫ್ರೀ ಎಂದು ಬರೆದ ಡಬ್ಬಿ ತಂದು "ನೀವು ಇದನ್ನು ಎಷ್ಟು ಬೇಕಾದರೂ ತಿನ್ನಿ" ಅನ್ನುವ ಪ್ರೀತಿಯ ನೆಂಟರಿಂದ ಅಪ್ಪನನ್ನು ಕಾಪಾಡಿ. ಸಕ್ಕರೆ ಇಲ್ಲದಿದ್ದರೂ ಹಿಟ್ಟು ಇರುತ್ತದೆ, ಕೊಬ್ಬು ಇರುತ್ತದೆ. ಜೇನುತುಪ್ಪ ಹಾಕಿ ಮಾಡಿದ್ದು ಅಂದರೂ ರಕ್ತಕ್ಕೆ ಅದು ಸಕ್ಕರೆಯೇ. ನಾನಂತೂ ನನಗೆ ಇಷ್ಟವಾದ ಒಂದೇ ಒಂದು ಸಿಹಿಯನ್ನು, ಖಾಲಿ ಹೊಟ್ಟೆಯಲ್ಲಲ್ಲ, ಊಟದ ಕೊನೆಗೆ ಸಣ್ಣ ತುಂಡು ತಿನ್ನುತ್ತೇನೆ. ತಿಂದು ಹತ್ತು ಹದಿನೈದು ನಿಮಿಷ ನಡೆಯುತ್ತೇನೆ. ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಊಟ ಮಾಡಿ ಮಲಗಿದ ದಿನ, ನಡೆದ ದಿನ, ಎರಡೂ ದಿನ ಮೀಟರ್ ಹಾಕಿ ನೋಡಿದರೆ ಯಾರೂ ಭಾಷಣ ಮಾಡಬೇಕಾಗಿಲ್ಲ.

---

ಓಡುವುದಿಲ್ಲ, ನಡೆಯುತ್ತೇನೆ

ಚಾಪೆ ಸೋಫಾ ಹಿಂದೆ, ಭಾವ ಸೋಫಾ ಮೇಲೆ! ನಕ್ಕೂ ನಕ್ಕೂ ಸಾಕಾಯಿತು. ಚಾಪೆಯನ್ನು ಇವತ್ತೇ ಮಲಗುವ ಕೋಣೆಗೆ ಸಾಗಿಸಿ ಸಾರ್, ಮೂರನೇ ಪ್ರಶ್ನೆಯ ಅರ್ಧ ಅಲ್ಲೇ ಮುಗಿಯಿತು.

ತಿಂದದ್ದನ್ನು ಕರಗಿಸುತ್ತೇನೆ ಎಂದು ಹೊರಡಬೇಡಿ ಅನ್ನುವುದು ನನ್ನ ಮಾತು. 60 ಕೆಜಿ ಇರುವವರು ಅರ್ಧ ಗಂಟೆ ಮಾಮೂಲಿ ವೇಗದಲ್ಲಿ ನಡೆದರೆ ಸುಮಾರು 100 ಕ್ಯಾಲೊರಿ. ಎಣ್ಣೆ ಅಥವಾ ತುಪ್ಪ ಯಾವುದೇ ಇರಲಿ, ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ. ಎರಡೂವರೆ ಚಮಚ ಎಣ್ಣೆ ಹೊಟ್ಟೆಗೆ ಹೋದರೆ ಆ ನಡಿಗೆ ಚುಕ್ತಾ. ಕರಿದ ತಿಂಡಿಯ ಒಂದು ತಟ್ಟೆ ಕರಗಿಸಲು ಹೊರಟರೆ ಸಂಜೆ ಮನೆಗೆ ವಾಪಸು ಬರುವುದೇ ಇಲ್ಲ ನೀವು. ಈ ಲೆಕ್ಕ ಗೊತ್ತಿಲ್ಲದೆ ಒಂದು ವರ್ಷ ನಾನು ಹಬ್ಬದ ಮಾರನೇ ದಿನ ಶಿಕ್ಷೆಯ ಥರ ಎರಡು ಗಂಟೆ ಓಡಿ, ಮೊಣಕಾಲು ಊದಿಸಿಕೊಂಡು, ಉಳಿದ ರಜೆಯೆಲ್ಲ ಕುರ್ಚಿಯ ಮೇಲೆ ಕಾಲು ಚಾಚಿಕೊಂಡು ತಿನ್ನುತ್ತಾ ಕೂತಿದ್ದೆ.

ಹಾಗಾದರೆ ಯಾಕೆ ನಡೆಯಬೇಕು ಅಂತೀರಾ? ನಿದ್ದೆ ಸರಿಯಾಗುತ್ತದೆ, ಶುಗರ್ ಬಿಪಿಗೆ ಒಳ್ಳೆಯದು, ಹೊಟ್ಟೆ ಭಾರ ಇಳಿಯುತ್ತದೆ, ಅದಕ್ಕಿಂತ ಹೆಚ್ಚಾಗಿ ಅಡುಗೆಮನೆಯಿಂದ ಒಂದಷ್ಟು ಹೊತ್ತು ದೂರ ಇರುತ್ತೀರಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ. ಮೊದಲು ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷ ಇರಬೇಕು ಅನ್ನುತ್ತಿದ್ದರು, 2020ರ ಮಾರ್ಗಸೂಚಿಯಲ್ಲಿ ಅದನ್ನೂ ತೆಗೆದುಹಾಕಿದ್ದಾರೆ. ಐದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಮೂರು ಊಟ ಆದಮೇಲೆ ಎಂಟೆಂಟು ನಿಮಿಷ ನಡೆದರೆ ದಿನಕ್ಕೆ 24, ವಾರಕ್ಕೆ 168.

ಹತ್ತು ಸಾವಿರ ಹೆಜ್ಜೆ ಆಗಲಿಲ್ಲ ಎಂದು ಕೊರಗುವವರಿಗೆ ಒಂದು ಕಥೆ. ಆ ಅಂಕಿ ಬಂದದ್ದು 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಸುವ ಯಂತ್ರದಿಂದ. ಅದರ ಹೆಸರೇ ಮಾನ್‌ಪೊ-ಕೆಯ್, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಡಾಕ್ಟರು ಅಳೆದು ಕೊಟ್ಟ ಅಂಕಿ ಅಲ್ಲ, ಮಾರುವವರು ಇಟ್ಟ ಹೆಸರು. ಆರು ಸಾವಿರ ಆದರೂ ನಡೆದದ್ದು ನಡೆದದ್ದೇ.

ಸ್ನಾಯುಗಳ ಕಸರತ್ತಿಗೆ ರಜೆಯಲ್ಲಿ ವಾರಕ್ಕೆ ಒಂದು ಸಲ ಚೆನ್ನಾಗಿ ಮಾಡಿದರೂ ಮೂರು ವಾರ ಶಕ್ತಿ ಇಳಿಯದೆ ನಿಲ್ಲುತ್ತದೆ. ಭಾರ ಕಡಿಮೆ ಮಾಡಬೇಡಿ, ದಿನ ಕಡಿಮೆ ಮಾಡಿ. ಕುರ್ಚಿಯಿಂದ ಕೈ ಊರದೆ ಹದಿನೈದು ಸಲ ಎದ್ದು ಕೂರುವುದು, ಗೋಡೆಗೆ ಕೈ ಊರಿ ದಂಡ ಹೊಡೆಯುವುದು, ಮೆಟ್ಟಿಲು ಹತ್ತುವುದು. ನಿಮ್ಮ ಹೆಸರೇ ಮೂರನೇ ಮಹಡಿ, ಲಿಫ್ಟ್ ಬಿಡಿ!

ನೆಂಟರನ್ನೂ ಎಳೆದುಕೊಂಡು ಹೋಗಿ. ವಾಕಿಂಗ್ ಬನ್ನಿ ಅಂದರೆ ಯಾರೂ ಏಳುವುದಿಲ್ಲ, "ಬನ್ನಿ, ಒಂದು ವಿಷಯ ಹೇಳಬೇಕು" ಅಂದರೆ ಮೂವರು ಚಪ್ಪಲಿ ಹಾಕಿಕೊಳ್ಳುತ್ತಾರೆ.

---

ಮೂರನೇ ಮಹಡಿ

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಬರೀತೀರಾ ಅಂದುಕೊಂಡಿರಲಿಲ್ಲ.

ನಿಜ ಹೇಳಬೇಕೆಂದರೆ ನನ್ನ ಕಣ್ಣು ತೆರೆಸಿದ್ದು ಬಿಡ್ರಿ ಮಾರಾಯ್ರೇ ಅವರ ಒಂದು ಸಾಲು. ವರ್ಷಕ್ಕೊಂದು ಸಲ ಅಂದರಲ್ಲ, ಹೌದಲ್ಲ ಅನ್ನಿಸಿ ಮೊಬೈಲ್‌ನಲ್ಲಿ ಕಳೆದ ವರ್ಷದ ಫೋಟೋಗಳನ್ನು ತೆಗೆದು ಎಣಿಸಿದೆ. ಇಪ್ಪತ್ತೊಂದು ದಿನದಲ್ಲಿ ಹಬ್ಬದ ಊಟ ಅಂತ ಕೂತು ಉಂಡದ್ದು ನಾಲ್ಕೇ ದಿನ. ಉಳಿದ ಹದಿನೇಳು ದಿನ ಏನು ಮಾಡಿದೆ? ಡಬ್ಬಿ. ಚಹಾ ಜೊತೆ ಡಬ್ಬಿ, ಟಿವಿ ಮುಂದೆ ಡಬ್ಬಿ, ರಾತ್ರಿ ಹನ್ನೊಂದಕ್ಕೆ ಡಬ್ಬಿ. ಆ ನಾಲ್ಕು ಊಟ ನೆನಪಿದೆ, ಏನೇನು ಇತ್ತು ಎಂದು ಈಗಲೂ ಹೇಳಬಲ್ಲೆ. ಡಬ್ಬಿಯಿಂದ ತಿಂದದ್ದರಲ್ಲಿ ಒಂದರ ರುಚಿಯೂ ನೆನಪಿಲ್ಲ.

ಹಾಗಾಗಿ ಆ ನಾಲ್ಕು ದಿನ ಚಿಕ್ಕಮ್ಮ ಎಷ್ಟು ಹಾಕಿದರೂ ತಿನ್ನುತ್ತೇನೆ, ಆದರೆ ಬೆಳಗ್ಗೆ ತಿಂಡಿ ಬಿಡುವುದಿಲ್ಲ. ಉಳಿದ ಹದಿನೇಳು ದಿನ ಮಾಮೂಲಿ ಊಟ. ಅಪ್ಪನ ಚೀಟಿ ನೋಡಿದೆ, ಗ್ಲಿಮೆಪಿರೈಡ್ ಇದೆ. ಸೋಮವಾರ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ. ಚಾಪೆ ಕೋಣೆಗೆ ಬಂತು.

ಡಬ್ಬಿಯದ್ದೇ ಸಮಸ್ಯೆ. ಅಮ್ಮ ಕಡಿಮೆ ಮಾಡಲು ಒಪ್ಪುತ್ತಿಲ್ಲ. ಬಂದವರಿಗೆ ಏನು ಕೊಡೋದು ಅಂತಾರೆ.

---

ಬಿಡ್ರಿ ಮಾರಾಯ್ರೇ

ನೋಡಿದ್ರಾ, ಸುಮ್ನೆ ಹೇಳಿದ್ದೂ ಕೆಲಸಕ್ಕೆ ಬಂತು. ನಾನೂ ಫೋಟೋ ಎಣಿಸಿದೆ. ಎಷ್ಟು ಅಂತ ಹೇಳಲ್ಲ.

---

ಸೌಟು ನನ್ನ ಕೈಯಲ್ಲಿ

ಅಮ್ಮನ ಹತ್ತಿರ ವಾದ ಮಾಡಬೇಡಿ. ಬಂದವರಿಗೆ ಬೇಕು ಅನ್ನುವುದು ಅವರ ದೃಷ್ಟಿಯಲ್ಲಿ ಸರಿಯೇ. ಡಬ್ಬಿ ಇರಲಿ, ಆದರೆ ಒಂದು ದೊಡ್ಡ ಡಬ್ಬಿ ಬೇಡ. ಬಂದವರಿಗೆ ಒಂದು ಸಲಕ್ಕೆ ಆಗುವಷ್ಟು ಸಣ್ಣ ಸಣ್ಣ ಡಬ್ಬಿಗೆ ತುಂಬಿ, ಟೇಪ್ ಹಚ್ಚಿ, ಮೇಲಿನ ಕಪಾಟಿನಲ್ಲಿ ಇಡಿ. ಕೆಡುವಂಥದ್ದಾದರೆ ಫ್ರಿಡ್ಜಿನ ಹಿಂದಿನ ಸಾಲಿನಲ್ಲಿ. ಕೈಗೆ ಸಿಗುವ ಜಾಗದಲ್ಲಿ ಹಣ್ಣು ಇರಲಿ. ಟೇಪ್ ಮಾತ್ರ ಚರ್ರ್ ಅಂತ ಸದ್ದು ಮಾಡುವಂಥದ್ದೇ ತನ್ನಿ, ರಾತ್ರಿ ಹನ್ನೊಂದಕ್ಕೆ ಹಾಲ್‌ನಲ್ಲಿ ಮಲಗಿರುವ ಭಾವನಿಗೆ ಕೇಳಿಸಬೇಕು.